ಬಗ್ಗದ ಪಿನ್ನು

ಕುಂತೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದ್ದೀರಾ? ನಾನು ಇವತ್ತು ಸಿಕ್ಕಿಕೊಂಡೆ. ಪಕ್ಕದಲ್ಲಿ ಕೂತ ಅಕ್ಕ, ಬೇಗ ಮುಂದೆ ಹಾಕು ಅಂತ ಒಂದೇ ಸಮ ಗೊಣಗುತ್ತಿದ್ದಳು. ನನಗೋ ಕಾರನ್ನು ಇನ್ನೂ ಹಿಂದಕ್ಕೆ ಬಿಡಬೇಕು ಅನ್ನಿಸುತ್ತಿತ್ತು. ಅಷ್ಟು ದೊಡ್ಡ ಟ್ರೈಲರನ್ನು ಟ್ರ್ಯಾಕ್ಟರಿಗೆ ಹಿಡಿದಿಟ್ಟಿರುವುದು ಹೆಬ್ಬೆರಳು ದಪ್ಪದ ಒಂದು ಪಿನ್ನು. ಅದರ ಮೇಲೆ ನನಗೆ ಇವತ್ತಿಗೂ ನಂಬಿಕೆಯಿಲ್ಲ.

ಆಗ ನಾನು ಕೊಳ್ಳೇಗಾಲದಲ್ಲಿ ಐಟಿಐ ಓದುತ್ತಿದ್ದೆ, ಅಂದರೆ ಎಲ್ಲ ಬಲ್ಲವನಾಗಿದ್ದೆ. ಹೊನ್ನೂರಿನಲ್ಲಿ ಬಾವನ ಟ್ರೈಲರಿನ ಪಿನ್ನು ಪದೇ ಪದೇ ಬಗ್ಗುತ್ತಿತ್ತು. ಕುಲುಮೆಯ ಸಿದ್ದಾಚಾರಿ ಹಳೇ ಲಾರಿ ಆಕ್ಸೆಲ್ ತುಂಡಿನಿಂದ ಹೊಸದೊಂದು ಬಡಿದುಕೊಟ್ಟು ಊಟಕ್ಕೆ ಹೋದರು. ಇದಂತೂ ಬಗ್ಗಲೇಬಾರದು ಅಂತ ನಾನೇ ತಿದಿ ಒತ್ತಿ, ಪಿನ್ನನ್ನು ಕೆಂಪಗೆ ಕಾಯಿಸಿ, ಚೊಯ್ ಅಂತ ನೀರಿಗೆ ಅದ್ದಿದೆ. ಅರ ಹಾಕಿ ಉಜ್ಜಿದರೆ ಅರವೇ ಜಾರಿತು, ಅಷ್ಟು ಗಟ್ಟಿ. ಬೀಗುತ್ತಾ ಬಾವನ ಕೈಗೆ ಕೊಟ್ಟೆ. ಸಕ್ಕರೆ ಫ್ಯಾಕ್ಟರಿ ಹತ್ತಿರ ನಾದಿನಿ ಮನೆಗೆ ಹೋಗಬೇಕಿದ್ದ ಅಕ್ಕ ಟ್ರೈಲರಿನ ಕಬ್ಬಿನ ಲೋಡಿನ ಮೇಲೆ ಹತ್ತಿ ಕೂತಳು. ಗಾಡಿ ಹೊರಟಿತು.

ಊಟ ಮುಗಿಸಿ ಬಂದ ಆಚಾರಿ, ನೀರಿಗೆ ಅದ್ದಿದ ಮೇಲೆ ಸಣ್ಣ ಕಾವಿನಲ್ಲಿ ಮತ್ತೆ ಹದ ಮಾಡಿದೆಯಾ ಅಂತ ಕೇಳಿದರು. ಇಲ್ಲ ಅಂದೆ. ಅವರು ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ನನ್ನ ಕೈಗೆ ತಳ್ಳಿದರು.

"ಬಗ್ಗೋ ಕಬ್ಬಿಣ ಮೊದ್ಲೇ ಏಳ್ತದೆ ಕಣ್ಲಾ. ಮುರಿಯೋದು ಒಂದ್ ಮಾತೂ ಏಳಾಕಿಲ್ಲ. ಓಗು, ಕಾಲುವೆ ಏರು ಅತ್ತಾಕ್ ಮುಂಚೆ ನಿಲ್ಸು."

ಏರಿನಲ್ಲಿ ಪಿನ್ನು ಮುರಿದರೆ ಟ್ರೈಲರು ಅಕ್ಕನ ಸಮೇತ ಹಿಂದಕ್ಕೆ ಉರುಳುತ್ತದೆ. ಸೈಕಲ್ ತುಳಿದೆ ನೋಡಿ! ಚೈನು ಎರಡು ಸಲ ಕಳಚಿತು, ಎರಡು ಸಲವೂ ಅತ್ತೆ. ಮಾದಪ್ಪನಿಗೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತೆ, ಆಗ ಕೊಡಲು ಕೂದಲಿತ್ತು. ಲೋಡಾದ ಟ್ರ್ಯಾಕ್ಟರು ತೆವಳುತ್ತದಲ್ಲ, ಅದೇ ಪುಣ್ಯ. ಏರಿಗೆ ಹತ್ತು ಮಾರು ಇರುವಾಗ ಅಡ್ಡ ನಿಂತೆ. ಬಾವನ ಕಿವಿಯಲ್ಲಿ ವಿಷಯ ಹೇಳಿ, ಅಕ್ಕನಿಗೆ ಮಾತ್ರ ತಿಳಿಸಬೇಡಿ ಅಂತ ಬೇಡಿಕೊಂಡೆ. ಅವರು ಹಲ್ಲು ಕಚ್ಚಿಕೊಂಡು ಟೂಲ್ ಬಾಕ್ಸಿನಲ್ಲಿದ್ದ ಹಳೇ ಸೊಟ್ಟ ಪಿನ್ನನ್ನೇ ಹಾಕಿದರು. ನಾನು ಅಕ್ಕನನ್ನು ಇಳಿಸಿ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದೆ. ಸಂಜೆ ಆಚಾರಿ ನನ್ನ ಗಟ್ಟಿ ಪಿನ್ನಿಗೆ ಒಂದೇ ಏಟು ಹಾಕಿದರು. ಎರಡು ತುಂಡು. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು.

ಈಗ ನಾನೇ ಮೇಷ್ಟ್ರು. ಸೇತುವೆಗೆ, ಕಟ್ಟಡಕ್ಕೆ ಹೊಸ ಉಕ್ಕು ರೂಪಿಸುವವರಿಗೂ ಇದೇ ಪೀಕಲಾಟ ಅಂತ ಪಾಠ ಹೇಳುತ್ತೇನೆ. ಗಟ್ಟಿತನ ಏರಿಸಿದರೆ ಬಗ್ಗುವ ಗುಣ ಇಳಿಯುತ್ತದೆ, ಆದರೆ ಎರಡೂ ಬೇಕು. ಈ ಪಿನ್ನಿನ ಕಥೆ ಮಾತ್ರ ಬಾಯಿಬಿಟ್ಟಿರಲಿಲ್ಲ. ಇವತ್ತು ಕಾರಿನಲ್ಲಿ ಅಕ್ಕನಿಗೆ ಹೇಳಿಬಿಟ್ಟೆ.

ಅವಳು ಸೀಟಿನಲ್ಲೇ ನನ್ನ ಕಡೆ ತಿರುಗಿದಳು.

"ಅದ್ಕೇನಾ ಅವತ್ತು ಸೈಕಲ್ಲಲ್ಲಿ ಕೂರಿಸ್ಕಂಡು ಓಗಿದ್ದು? ತಮ್ಮಂಗೆ ನನ್ ಕಂಡ್ರೆ ಪ್ರೀತಿ ಅಂತ ಊರಿಗೆಲ್ಲಾ ಏಳ್ಕಂಡ್ ಬಂದಿದ್ನಲ್ಲಾ."

"ಅದೂ ಇತ್ತು ಕಣಕ್ಕ" ಅಂದೆ.

ಮುಂದೆ ಕಾಲುವೆ ಏರು ಬಂತು, ಟ್ರ್ಯಾಕ್ಟರು ಏದುಸಿರು ಬಿಡುತ್ತಾ ಹತ್ತತೊಡಗಿತು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಇನ್ನೊಸಿ ಇಂದೆ ನಿಲ್ಸು. ಅದು ಏರು ಅತ್ಲಿ."