ಭಾವನ ಚಪ್ಪಲಿ, ಅಣ್ಣನ ತಲೆ

ಮಗಳ ಮದುವೆಯ ಕಾಗದ ಅಚ್ಚಾಗಿ ಬಂದಾಗ ಯಾರಿಗೂ ಯಾವ ತಕರಾರೂ ಇರಲಿಲ್ಲ. ಗಂಡನ ಅಣ್ಣ, ಅಂದರೆ ನನ್ನ ಭಾವ, ಎಡಗಡೆ. ನನ್ನ ಸ್ವಂತ ಅಣ್ಣ, ಅಂದರೆ ಮದುಮಗಳ ಸೋದರಮಾವ, ಬಲಗಡೆ. ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ. ನಾನು ಸ್ಕೇಲ್ ಇಟ್ಟು ನೋಡಿದ್ದೆ. ಕಾಗದದ ಒಂದು ದೊಡ್ಡ ಗುಣವೆಂದರೆ, ಅದು ಭಾವನ ಬೆಟ್ಟಂಪಾಡಿಯಲ್ಲಿ ಎಷ್ಟು ಅಗಲವೋ ಅಣ್ಣನ ಬೆಳ್ಳಾರೆಯಲ್ಲೂ ಅಷ್ಟೇ ಅಗಲ. ಆ ಗುಣದ ಬೆಲೆ ನನಗೆ ತಿಳಿದದ್ದು ಆಮೇಲೆ.

ಮಗಳು ಪುತ್ತೂರಿನ ದರ್ಬೆಯ ಒಂದು ಆಫೀಸಿನಲ್ಲಿ ವೆಬ್ ಪುಟ ಮಾಡುವವಳು. ಪುಟದ ಹಿಂದಿನ ಲೆಕ್ಕಾಚಾರವೆಲ್ಲ ಬೇರೆಯವರದು. ಕಣ್ಣಿಗೆ ಕಾಣುವುದು ಇವಳದು. ಕೆಲವು ದಿನ ಮನೆಯಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುತ್ತಾಳೆ. ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತ ನನಗೂ ಸ್ವಲ್ಪ ಸ್ವಲ್ಪವಾಗಿ ಅದು ಹತ್ತಿತು. ಹೆಚ್ಚು ಹಿಡಿಸಿದ್ದು ಸಿಎಸ್‌ಎಸ್. ಯಾವುದು ಎಲ್ಲಿ ಕೂರಬೇಕು, ಯಾವ ಬಣ್ಣ ಉಡಬೇಕು, ಪಕ್ಕದವರಿಂದ ಎಷ್ಟು ದೂರ ಇರಬೇಕು ಎಂದು ಪುಟಕ್ಕೆ ಹೇಳಿಕೊಡುವ ಬರಹ ಅದು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ನಮ್ಮ ಕಸೂತಿಯನ್ನು ಮೊದಲು ಮಗುಚಿ ಹಿಂಬದಿಯ ಗಂಟು ನೋಡುತ್ತಿದ್ದರು, ಆಮೇಲೆ ಹೂವು. ನಾನೂ ಹಾಗೆಯೇ ಒಂದೊಂದು ಸಾಲನ್ನೂ ನೇರಕ್ಕೆ ಜೋಡಿಸಿ ಬರೆಯುವವಳು.

ಹಾಗಾಗಿ ಮದುವೆಗೆ ಒಂದು ವೆಬ್ ಪುಟವೂ ಬೇಕು ಎಂದಾಗ ಮಗಳು, “ಅಮ್ಮ, ನೀನೇ ಮಾಡು. ನನಗೆ ದಿನ ಇಡೀ ಅದೇ ಅಲ್ವಾ” ಎಂದಳು.

ಮಾಡಿದೆ. ಅಂಚಿಗೆ ಮಲ್ಲಿಗೆಯ ಬಳ್ಳಿ, ನಡುವೆ ಮುಹೂರ್ತ, ಕೆಳಗೆ ಹಿರಿಯರ ಆಶೀರ್ವಾದ. ಭಾವ ಎಡಗಡೆ, ಅಣ್ಣ ಬಲಗಡೆ, ಫೋಟೋ ಸಮೇತ. ಭಾವ ಕೊಟ್ಟದ್ದು ಉದ್ದಕ್ಕೆ ನಿಂತ ಫೋಟೋ: ಜರಿಯಂಚಿನ ಪಂಚೆ, ಹೊಸ ಚಪ್ಪಲಿ. ಅಣ್ಣ ಕೊಟ್ಟದ್ದು ಕುತ್ತಿಗೆಯಿಂದ ಮೇಲಿನದ್ದು ಮಾತ್ರ. ಲ್ಯಾಪ್‌ಟಾಪಿನಲ್ಲಿ ನೋಡಿ ತೃಪ್ತಿಯಾಗಿ ಇಬ್ಬರಿಗೂ ಲಿಂಕ್ ಕಳಿಸಿದೆ.

ಕುಕ್ಕರ್ ಕೂಗುವ ಮೊದಲೇ ಅಣ್ಣನ ಫೋನ್ ಕೂಗಿತು.

“ಎಂತ ಮಾರಾಯ್ತಿ ಇದು? ನನ್ನ ತಲೆ ಮೇಲೆ ನಿನ್ನ ಭಾವನ ಚಪ್ಪಲಿ ಉಂಟಲ್ಲ!”

ಮೊಬೈಲಿನಲ್ಲಿ ತೆರೆದು ನೋಡಿದೆ. ಪರದೆ ಸಪೂರವಾದ್ದರಿಂದ ಇಬ್ಬರಿಗೂ ಪಕ್ಕಪಕ್ಕ ಜಾಗ ಸಾಲದೆ, ಬಲಗಡೆಯವರು ಕೆಳಗಿಳಿದಿದ್ದರು. ಭಾವ ಮೇಲೆ ಠೀವಿಯಿಂದ ನಿಂತಿದ್ದಾರೆ. ಅವರ ಚಪ್ಪಲಿಗೆ ತಾಗಿಕೊಂಡು, ಒಂದು ಎಳೆಯ ಅಂತರವೂ ಇಲ್ಲದೆ, ಅಣ್ಣನ ಬೋಳು ತಲೆ.

“ಅಣ್ಣ, ಫೋನನ್ನು ಸ್ವಲ್ಪ ಅಡ್ಡ ಹಿಡಿ. ಇಬ್ಬರೂ ಪಕ್ಕಪಕ್ಕ ಬರ್ತೀರಿ.”

“ನಾನೆಂತಕ್ಕೆ ಅಡ್ಡ ಹಿಡಿಯುದು? ಅವರು ನೆಟ್ಟಗೆ ಹಿಡಿದು ಮೇಲೆ ನಿಲ್ಲುದು, ನಾನು ಅಡ್ಡ ಹಿಡಿದು ಮೇಲೆ ಹತ್ತುದಾ? ಬೆಳ್ಳಾರೆ ಪೇಟೆಯಲ್ಲಿ ಇದನ್ನು ಯಾರಿಗೆ ತೋರಿಸುದು ನಾನು? ಮದುವೆಗೆ ನಾನು ಬರುದಿಲ್ಲ. ಮದುಮಗಳನ್ನು ಮಂಟಪಕ್ಕೆ ಆ ಚಪ್ಪಲಿಯೇ ಕರ್ಕೊಂಡು ಬರ್ಲಿ.”

ಹುಡುಗಿಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವನೇ ಆಗಬೇಕು, ಮತ್ತು ಮಗಳಿಗೆ ಇರುವುದು ಒಬ್ಬನೇ ಸೋದರಮಾವ. ಅಣ್ಣ ಹೇಳಿದ್ದನ್ನು ಮಾಡುವವನು. ಊಟಕ್ಕೆ ತಡವಾಗಿ ಕರೆದರೆಂದು ಒಂದು ಮನೆಯ ಅಂಗಳ ತುಳಿಯುವುದನ್ನೇ ಬಿಟ್ಟವನು.

ಮೊಬೈಲಿನಲ್ಲೂ ಪಕ್ಕಪಕ್ಕ ಕೂರಿಸಿ ನೋಡಿದೆ. ಭಾವ ಊದುಬತ್ತಿ ಕಡ್ಡಿಯಂತೆ ಕಂಡರು. ಅಣ್ಣನ ಮೀಸೆ ಇರುವೆಯಂತೆ. ಭಾವನ ಫೋಟೋವನ್ನು ಮೊಣಕಾಲಿಗೆ ಕತ್ತರಿಸಲೇ ಎಂದು ಗಂಡನನ್ನು ಕೇಳಿದರೆ, “ಕಾಲು ಕತ್ತರಿಸ್ತೀಯಾ? ಮತ್ತೆ ಅವನೂ ಬರುದಿಲ್ಲ” ಎಂದು ಪೇಪರಿನ ಹಿಂದೆ ಹೋದರು.

ಕೊನೆಗೆ ಮಗಳೇ ಒಂದು ಹೊಸ ವಿದ್ಯೆ ಹೇಳಿಕೊಟ್ಟಳು. ಮೊದಲೆಲ್ಲ ಇಡೀ ಪರದೆ ಎಷ್ಟು ಅಗಲ ಎಂದು ಮಾತ್ರ ಕೇಳಬಹುದಿತ್ತಂತೆ. “ಈಗ ಹಾಗಲ್ಲ ಅಮ್ಮ, ಪ್ರತಿಯೊಂದು ಭಾಗವೂ ತಾನು ಕೂತ ಪೆಟ್ಟಿಗೆಯ ಅಗಲ ನೋಡಿ ತನ್ನ ಜಾಗ ಬದಲಿಸ್ತದೆ.” ತಾನು ಕೂತ ಜಾಗ ನೋಡಿಕೊಂಡು ಹೊಂದಿಕೊಳ್ಳುವ ಬುದ್ಧಿ! ಅದು ಬ್ರೌಸರಿಗೆ ಬಂದಿದೆ, ನಮ್ಮ ಕಡೆಯ ಹಿರಿಯರಿಗೆ ಇನ್ನೂ ಬರಲಿಲ್ಲವಲ್ಲ ಎಂದುಕೊಂಡು, ಪೆಟ್ಟಿಗೆ ಸಪೂರವಾದರೆ ಅಣ್ಣ ಮೇಲೆ ಎಂದು ಬರೆದೆ.

ಅಣ್ಣ ನೋಡಿದ. “ಹಾಂ, ಈಗ ಸರಿ ಉಂಟು. ಬರ್ತೇನೆ.”

ಇನ್ನು ಬೆಟ್ಟಂಪಾಡಿಯಿಂದ ಸಿಡಿಲು ಬರುತ್ತದೆಂದು ಕಾದೆ. ಫೋನ್ ಬಂದಾಗ ಸೌಟು ಕೆಳಗಿಟ್ಟು ಎತ್ತಿಕೊಂಡೆ. “ಭಾರೀ ಚಂದ ಆಗಿದೆ” ಎಂದರು ಭಾವ. “ನಾನು ಮೇಲೆ, ನಿನ್ನ ಅಣ್ಣ ಕೆಳಗೆ. ಹಾಗೇ ಇರ್ಲಿ, ಮುಟ್ಟಬೇಡ.”

ಮಗಳು ನಗಲು ಶುರುಮಾಡಿದವಳು ನಿಲ್ಲಿಸಲಿಲ್ಲ. ದೊಡ್ಡಪ್ಪನದ್ದು ಹಳೇ ಫೋನು. ಅಪ್‌ಡೇಟ್ ಮಾಡಿದರೆ ಜಾಗ ತುಂಬುತ್ತದೆಂದು ಅವರು ಏನನ್ನೂ ಮಾಡಿದವರಲ್ಲ. ಅದರ ಬ್ರೌಸರಿಗೆ ನನ್ನ ಹೊಸ ಸಾಲು ಅರ್ಥವೇ ಆಗಿರಲಿಲ್ಲ. ಅರ್ಥವಾಗದ್ದನ್ನು ಅದು ಯಾರನ್ನೂ ದೂರದೆ, ಮುಖ ಊದಿಸದೆ, ದಾಟಿ ಮುಂದೆ ಹೋಗುತ್ತದಂತೆ. ಎಂಥ ಸಂಸ್ಕಾರ!

“ಆದ್ರೆ ಅಮ್ಮ, ಎಲ್ಲ ಫೋನಲ್ಲೂ ಒಂದೇ ರೀತಿ ಕಾಣ್ಬೇಕು. ಹಳೇ ಬ್ರೌಸರಿಗೂ ಬೇರೆ ಸಾಲು ಬರಿತೇನೆ” ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು.

ನಾನು ಮೆಲ್ಲಗೆ ಮುಚ್ಚಳ ಮುಚ್ಚಿದೆ. “ಒಂದೇ ರೀತಿ ಯಾಕೆ ಕಾಣ್ಬೇಕು ಮಗ?”

ಅವಳು ನನ್ನ ಮುಖ ನೋಡಿದಳು. ಆಫೀಸಿನಲ್ಲಿ ಯಾರಿಗೂ ಹೇಳಬೇಡ ಎಂದಷ್ಟೇ ಕೇಳಿಕೊಂಡಳು.

ಮದುವೆಯ ದಿನ ಪುತ್ತೂರಿನ ಮದುವೆ ಹಾಲ್‌ನಲ್ಲಿ ಬೀಗರಿಗೆ ಕಾಫಿ ಕೊಡುತ್ತಿದ್ದವಳು ತಿರುಗಿ ನೋಡಿದರೆ, ಅವರಿಬ್ಬರೂ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಬ್ಬರ ಕೈಯಲ್ಲೂ ಫೋನು. ಹೋಗಿ ತಡೆಯೋಣವೆಂದರೆ ಕೈಯಲ್ಲಿ ಕಾಫಿಯ ತಟ್ಟೆ. ನಮ್ಮಲ್ಲಿ ಅವರಿಬ್ಬರೂ ಪರಸ್ಪರ ಕರೆಯುವುದು ಭಾವ ಎಂದೇ.

“ಭಾವ, ನಿಮ್ಮ ಫೋನಿಗೆ ಎಂತದೋ ಆಗಿದೆ” ಎಂದ ಅಣ್ಣ, ತುಂಬ ಮರುಕದಿಂದ. “ಇದರಲ್ಲಿ ನಾನು ಕೆಳಗೆ ಬರ್ತೇನೆ.”

“ನನ್ನದಕ್ಕೆ ಎಂತ ಆಗ್ಲಿಲ್ಲ. ನಿಮ್ಮದೇ ಹಾಳಾಗಿರುದು ಭಾವ. ನಾನು ಕೆಳಗೆ ಬರ್ಲಿಕ್ಕುಂಟಾ?”

“ಇದು ಹೊಸದು ಮಾರಾಯ್ರೆ!”

“ಈಗ ಹೊಸದೇ ಬೇಗ ಹಾಳಾಗುದು.”

ಒಬ್ಬರ ಫೋನಿಗೆ ಇನ್ನೊಬ್ಬರು ಮರುಗುತ್ತಾ, ದರ್ಬೆಯಲ್ಲಿ ಯಾವ ರಿಪೇರಿಯವನು ಒಳ್ಳೆಯವನು ಎಂಬಲ್ಲಿಗೆ ಮಾತು ಮುಟ್ಟುವಾಗ, ಮದುಮಗಳನ್ನು ಕರೆತನ್ನಿ ಎಂದು ಭಟ್ಟರು ಕೂಗಿದರು. ಅಣ್ಣ ಎದ್ದ. ತನ್ನ ಚಪ್ಪಲಿ ಬಿಚ್ಚಿ ಭಾವನ ಕುರ್ಚಿಯ ಕೆಳಗೆ ಸರಿಸಿ, ತನ್ನ ಫೋನನ್ನು ಅವರ ಕೈಗಿತ್ತ.

“ಎರಡನ್ನೂ ಒಮ್ಮೆ ನೋಡ್ಕೊಳ್ಳಿ ಭಾವ.”

ಮಗಳ ಕೈ ಹಿಡಿದು ಅಣ್ಣ ಮಂಟಪದ ಕಡೆ ನಡೆದ. ಅವಳು ನನ್ನ ಕಡೆ ನೋಡಿದಳು. ನಗು ತಡೆದು ಅವಳ ಬಾಸಿಂಗ ಅಲುಗುತ್ತಿತ್ತು. ವಾಲಗದ ಸದ್ದು ಏರುವಾಗ ನಾನು ಭಾವನ ಹತ್ತಿರ ಹೋದೆ. ಕಾಲ ಬುಡದಲ್ಲಿ ಅಣ್ಣನ ಚಪ್ಪಲಿ ಕಾಯುತ್ತಾ, ಅವರು ಅಣ್ಣನ ಫೋನನ್ನು ಹೀಗೆ ಹಾಗೆ ತಿರುಗಿಸುತ್ತಿದ್ದರು. ಅಡ್ಡ ಆದಾಗ ಪುಟ ಒಮ್ಮೆ ಮೈ ಕೊಡವಿ ಅಗಲವಾಯಿತು. ಇಬ್ಬರೂ ಪಕ್ಕಪಕ್ಕ ಬಂದು ನಿಂತರು.

ಭಾವ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ನಿನ್ನ ಅಣ್ಣನ ಫೋನು ಹಾಳಾಗ್ಲಿಲ್ಲ ಮಾರಾಯ್ತಿ. ಅವರಿಗೆ ಹಿಡೀಲಿಕ್ಕೆ ಗೊತ್ತಿಲ್ಲ, ಅಷ್ಟೆ.”