ಐರ್ಲೆಂಡಿನಲ್ಲಿ ಒಣ ಸೌದೆ

ಬಾಡಿಗೆ ಮನೆಯ ಯಜಮಾನ ನಮಗೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಗೋಡೆಗೆ ಹೊಡೆದಿದ್ದ ಒಂದು ಬಿಳಿ ಡಬ್ಬಿಯನ್ನು. "ಇದು ಕೂಗಿದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಹೊರಗೆ ಓಡಿ" ಎಂದ. ಒಲೆಯಿಂದ ವಾಸನೆಯಿಲ್ಲದ, ಕಣ್ಣಿಗೆ ಕಾಣದ ವಿಷಗಾಳಿ ಬರಬಹುದಂತೆ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರಂತೆ. ನನಗೆ ಒಳಗೊಳಗೇ ನಗು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ಅರ್ಧ ಆಯಸ್ಸು ಕಳೆದವನಿಗೆ ಬೆಂಕಿಯ ಪಾಠವೇ?

ಹೆಂಡತಿ ಸವಿತಾಳಿಗೆ ಈ ಹಳ್ಳಿಯ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ. ರಾತ್ರಿ ಪಾಳಿ, ಹಗಲು ನಿದ್ದೆ. ನನ್ನ ಪಾಲಿಗೆ ಬಾಯ್ಲರ್. ಇಲ್ಲಿ ಬಾಯ್ಲರ್ ಎಂದರೆ ನಮ್ಮ ಬಚ್ಚಲಿನ ಹಂಡೆಯಲ್ಲ. ಕಬ್ಬಿಣದ ಒಲೆ, ಅದರ ಬೆನ್ನಿಗೆ ನೀರಿನ ತೊಟ್ಟಿ. ಬಿಸಿನೀರು ಕೊಳವೆಯಲ್ಲಿ ಕೋಣೆ ಕೋಣೆಗೂ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮೂರಿನ ಡಿಸೆಂಬರನ್ನು ಚಳಿ ಎಂದು ಬೈಯುತ್ತಿದ್ದೆನಲ್ಲ, ಅದರ ಕ್ಷಮೆ ಕೇಳಬೇಕು.

ಇಲ್ಲಿನವರು ಟರ್ಫ್ ಸುಡುತ್ತಾರೆ. ಜೌಗುನೆಲದಿಂದ ಇಟ್ಟಿಗೆಯಂತೆ ಕೊಯ್ದು ಒಣಗಿಸಿದ ಕಪ್ಪು ಮಣ್ಣು ಅದು. ಮಣ್ಣು ಸುಡಲು ನನ್ನ ಮನಸ್ಸು ಒಪ್ಪಲಿಲ್ಲ. ಸೌದೆ ಮಾರುವವನ ಬಳಿ ಹೋಗಿ, ಊರಿನ ಡಿಪೋದಲ್ಲಿ ಮಾಡುತ್ತಿದ್ದಂತೆ ಒಂದೊಂದೇ ತುಂಡನ್ನು ಕೈಯಲ್ಲಿ ತೂಗಿ ನೋಡಿದೆ. ಭಾರವಿದ್ದದ್ದನ್ನೆಲ್ಲ ಆರಿಸಿದೆ. ನಮ್ಮಲ್ಲಿ ಭಾರವೆಂದರೆ ಹುಣಸೆ, ಜಾಲಿ, ಗಟ್ಟಿ ಕೆಂಡ. ಹಗುರವೆಂದರೆ ಹುಳ ಹಿಡಿದದ್ದು. "ಒಳ್ಳೇ ಮಾಲು ಸಿಕ್ತು ಕಣೇ" ಎಂದು ಸವಿತಾಳ ಮುಂದೆ ಜಂಬ ಕೊಚ್ಚಿಕೊಂಡೆ.

ಸೌದೆ ಬುಸುಗುಟ್ಟುತ್ತಾ ಉರಿಯಿತು. ಹೊಸ ದೇಶದ ಮರ, ಹೀಗೇ ಇರಬೇಕು ಎಂದುಕೊಂಡೆ.

ಆರನೇ ವಾರ, ಒಂದು ಮಧ್ಯಾಹ್ನ, ಅಂಗಳದಲ್ಲಿ ಸೌದೆ ಸೀಳುತ್ತಿದ್ದಾಗ ಡಬ್ಬಿ ಕಿರುಚಿತು. ಸವಿತಾ ಒಲೆಯ ಮೇಲಿನ ಕೋಣೆಯಲ್ಲಿ ಮಲಗಿದ್ದಳು. ಮೆಟ್ಟಿಲು ಹೇಗೆ ಹತ್ತಿದೆನೋ ಕಾಣೆ.

"ಏಳೇ! ಸವಿತಾ! ಏಳಮ್ಮ ತಾಯಿ!"

"ತಲೆ ಸಿಡೀತೈತೆ ಕಣ್ರೀ… ಮಲಗಕ್ಕೆ ಬಿಡಿ."

ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ಕೈ ಬಿಟ್ಟರೆ ಜಾರಿಬಿಡುತ್ತಿದ್ದಳು. ಕೈವಾರದ ತಾತಯ್ಯನನ್ನು ಕೂಗಿದೆ, ಮುರುಗಮಲ್ಲದ ದರ್ಗಾಕ್ಕೂ ಹರಕೆ ಹೊತ್ತೆ. ಹೆಗಲಿಗೆ ಹಾಕಿಕೊಂಡು ಆಲಿಕಲ್ಲು ಮಳೆಗೆ ಹೊತ್ತು ತಂದೆ. ಪಕ್ಕದ ಮನೆಯ ಅಜ್ಜಿ ನೋರಾ ಕಾರು ತೆಗೆದಳು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ಅವಳು "ಕಾಫಿ ಸಿಗತ್ತಾ?" ಎಂದು ಕೇಳಿದಾಗ ನಾನು ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತೆ.

ಹೊಗೆಕೊಳವೆ ಶುಚಿ ಮಾಡಲು ಬಂದವನು ಬಕೆಟ್ಟುಗಟ್ಟಲೆ ಡಾಂಬರಿನಂಥ ಜಿಗುಟು ತೆಗೆದ. ನೋರಾ ನನ್ನ ಸೌದೆಯ ಎರಡು ತುಂಡನ್ನು ಒಂದಕ್ಕೊಂದು ಬಡಿದಳು. ದಬ್ ಎಂದಿತು. ತನ್ನ ಮನೆಯದನ್ನು ಬಡಿದಳು. ಟಣ್ ಎಂದಿತು. "ನೀನು ತಂದಿದ್ದರಲ್ಲಿ ಅರ್ಧ ನೀರು" ಎಂದಳು. ನಮ್ಮ ಬಿಸಿಲಿನಲ್ಲಿ ಸೌದೆ ತಾನಾಗಿ ಒಣಗುತ್ತದೆ, ನೀರಿದೆಯೇ ಎಂದು ಯಾರೂ ನೋಡುವುದಿಲ್ಲ; ಇಲ್ಲಿ ಸೂರಿನಡಿ ಪೇರಿಸಿಡದಿದ್ದರೆ ವರ್ಷವಾದರೂ ಒಣಗದು. ಹಸಿ ಸೌದೆಯ ಹೊಗೆ ಕೊಳವೆಯನ್ನು ಕಟ್ಟಿತ್ತು, ವಿಷಗಾಳಿ ಮನೆಯೊಳಕ್ಕೆ ತಿರುಗಿತ್ತು. ರೇಷ್ಮೆಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಗುಣ ಹೇಳುತ್ತಿದ್ದ ನನಗೆ ಸೌದೆಯ ಸದ್ದು ಕೇಳಬೇಕೆಂದು ಹೊಳೆಯಲೇ ಇಲ್ಲ. ಈಗ ಪ್ರತಿ ತುಂಡನ್ನೂ ಬಡಿದೇ ಒಲೆಗೆ ಹಾಕುತ್ತೇನೆ. ಒಳ್ಳೆಯ ಸೌದೆ ಸಿಕ್ಕಿತು, ಭಯ ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಶಿಡ್ಲಘಟ್ಟಕ್ಕೆ ಹೋಗಿದ್ದೆವು. ಊಟವಾದ ಮೇಲೆ ಸವಿತಾ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದಳು. ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು, ಬೀದಿಯ ಗಾಳಿ ಧಾರಾಳವಾಗಿ ಬರುತ್ತಿತ್ತು. ಅಮ್ಮ ಬಂದು ನನ್ನನ್ನು ನೋಡಿ ನಿಂತರು, ಎಂದಿನಂತೆ ತೆಲುಗು ಬೆರೆಸಿ ಕೇಳಿದರು.

"ಏಮಿರಾ ಇದಿ? ಹೆಂಡ್ತಿ ಮೂಗಿನತ್ರ ಕೈ ಇಟ್ಕೊಂಡು ಕೂತಿದ್ದೀಯ?"

"ಉಸಿರಾಡ್ತಾಳಾ ಅಂತ ನೋಡ್ತಿದ್ದೆ."

"ಇದು ನಮ್ಮನೆ ಕಣಪ್ಪ. ಇಲ್ಲಿ ಯಾಕೆ ಉಸಿರಾಡಲ್ಲ?"

ಅಮ್ಮ ನಕ್ಕರು, ನಾನೂ ನಕ್ಕೆ. ಕೈ ಮಾತ್ರ ತೆಗೆಯಲಿಲ್ಲ.