ನೂರಿಪ್ಪತ್ತು ಗಂಟೆ ಕುರ್ಚಿಯ ಮೇಲೆ

ಮಾನಸಿಕ ಆಸ್ಪತ್ರೆಯ ಎರಡನೇ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ ಆಗಿರುವ ಆಕೆಯನ್ನು ಡಾಕ್ಟರಿಂದ ಹಿಡಿದು ರೋಗಿಗಳವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಾರೆ. ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜು ಸೇರಿ, ಮನಶ್ಶಾಸ್ತ್ರದ ಪದವಿಗೆ ಬೇಕಾದ ಪತ್ರಿಕೆಗಳನ್ನೆಲ್ಲ ಒಂದೊಂದಾಗಿ ಮುಗಿಸಿದ್ದಳು. ಸಂಖ್ಯಾಶಾಸ್ತ್ರ ಎರಡು ಸಲ ಕೈಕೊಟ್ಟು ಮೂರನೇ ಸಲ ದಕ್ಕಿತ್ತು. ಉಳಿದಿದ್ದು ನೂರಿಪ್ಪತ್ತು ಗಂಟೆಗಳ ವಾರ್ಡ್ ವೀಕ್ಷಣೆ. ಅದೂ ಮುಗಿದರೆ ಇದೇ ವಾರ್ಡಿನ ಸಹಾಯಕ ಸಮಾಲೋಚಕಿ ಹುದ್ದೆಗೆ ಅರ್ಜಿ ಹಾಕಬಹುದಿತ್ತು.

ಹತ್ತೊಂಬತ್ತು ವರ್ಷ ನೋಡಿದ್ದು ಸಾಲದೇ ಎಂದು ಕಾಲೇಜಿನ ಗುಮಾಸ್ತನನ್ನು ಕೇಳಿದಳು.

"ಅದು ಕೆಲಸ, ಅಕ್ಕ. ವೀಕ್ಷಣೆ ಬೇರೆ. ರಜೆ ಹಾಕಿ, ಸಮವಸ್ತ್ರ ಬಿಟ್ಟು, ಕುರ್ಚೀಲಿ ಕೂತು ನೋಡಬೇಕು. ಯಾರನ್ನೂ ಮುಟ್ಟಬಾರದು."

"ಹೋದ ವರ್ಷ ವೀಕ್ಷಣೆಗೆ ಬಂದ ನಿಮ್ಮ ಹುಡುಗೀರಿಗೆ ಎಲ್ಲಿ ಕೂರಬೇಕು, ಏನು ನೋಡಬೇಕು ಅಂತ ಹೇಳಿಕೊಟ್ಟೋಳು ನಾನೇ."

"ಅದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲವಲ್ಲ."

ಬಸ್ ಓಡಿಸುವ ಗಂಡ ಇದನ್ನು ಕೇಳಿ ನಕ್ಕ. "ಸರಿ ಬಿಡು, ನಾಳೆಯಿಂದ ನಾನೂ ಹಿಂದಿನ ಸೀಟಲ್ಲಿ ಕೂತು ಡ್ರೈವಿಂಗ್ ಕಲೀತೀನಿ." ಅವಳಿಗೆ ನಗು ಬರಲಿಲ್ಲ. ಇದ್ದಬದ್ದ ಹದಿನೈದು ರಜೆಯನ್ನೂ ಬರೆದುಕೊಟ್ಟಳು. ದಿನಕ್ಕೆ ಎಂಟು ಗಂಟೆ.

ಹದಿನೈದನೆಯ ದಿನ ಮಧ್ಯಾಹ್ನ, ಹೊಸ ಆಯಾ ಮೇಷ್ಟ್ರಿಗೆ ಊಟ ಮಾಡಿಸುತ್ತಿದ್ದಳು. ಮೇಷ್ಟ್ರು ವಾರ್ಡಿನ ಹಳೆಯ ರೋಗಿ. ಮಾತ್ರೆಗಳಿಂದ ಅವರಿಗೆ ನುಂಗುವುದು ನಿಧಾನ. ತುತ್ತನ್ನು ಎಡಗೆನ್ನೆಯಲ್ಲಿ ಇಟ್ಟುಕೊಂಡುಬಿಡುತ್ತಾರೆ. ಹೊಸಬಳಿಗೆ ಅದು ಗೊತ್ತಿರಲಿಲ್ಲ. ಚಮಚದ ಮೇಲೆ ಚಮಚ ಕೊಡುತ್ತಲೇ ಇದ್ದಳು. ದೊಡ್ಡಕ್ಕ ವೀಕ್ಷಣೆಯ ಪುಸ್ತಕದಲ್ಲಿ ಬರೆದಳು: ಹನ್ನೆರಡು ನಲವತ್ತು, ಎಡಗೆನ್ನೆ ಉಬ್ಬಿದೆ.

ಬರೆದು ತಲೆಯೆತ್ತುವಷ್ಟರಲ್ಲಿ ಮೇಷ್ಟ್ರ ತುಟಿ ನೀಲಿಗಟ್ಟಿತ್ತು. ಪೆನ್ನು ಬಿಸಾಡಿ ಓಡಿದಳು. ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಜೋರಾಗಿ ನಾಲ್ಕು ಸಲ ಗುದ್ದಿದಳು. ಅನ್ನದ ಮುದ್ದೆ ನೆಲಕ್ಕೆ ಬಿತ್ತು, ಉಸಿರು ಬಂತು.

ಮೇಲ್ವಿಚಾರಣೆಗೆ ಬಂದಿದ್ದ ಕಾಲೇಜಿನ ಯುವ ಅಧ್ಯಾಪಕ ಸಂಕೋಚದಿಂದಲೇ ಹೇಳಿದ. "ಒಳ್ಳೇದೇ ಮಾಡಿದ್ರಿ. ಆದ್ರೆ ನಿಯಮದ ಪ್ರಕಾರ ಇದು ಮಧ್ಯಪ್ರವೇಶ. ಇವತ್ತಿನ ಎಂಟು ಗಂಟೆ ಲೆಕ್ಕಕ್ಕೆ ಹಿಡಿಯೋಕೆ ಬರಲ್ಲ."

ದೊಡ್ಡಕ್ಕನಿಗೆ ಅವನ ಮೇಲಿನ ಸಿಟ್ಟಿಗಿಂತ ತನ್ನ ಮೇಲೆಯೇ ಸಿಟ್ಟು ಹೆಚ್ಚಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಕೆನ್ನೆ ಉಬ್ಬಿದ್ದು ಕಂಡೂ ಅವಳು ಒಮ್ಮೆಯೂ ಕೂತೇ ಇದ್ದವಳಲ್ಲ.

"ಎಂಟು ಗಂಟೆ ಹೊಡೆದುಹಾಕಿ, ಸರ್. ಆದ್ರೆ ಕಾರಣ ನಿಮ್ಮ ಕೈಯಾರೆ ಬರೀರಿ."

"ಏನಂತ?"

"ಕೆನ್ನೆ ಉಬ್ಬಿದ್ದನ್ನ ನೋಡಿ ಮೊದಲು ಬರೆದುಕೊಂಡಳು, ಆಮೇಲೆ ಎದ್ದಳು ಅಂತ. ಬರೆದುಕೊಂಡಿದ್ದು ನಿಮ್ಮ ಕೋರ್ಸು ಕಲಿಸಿದ್ದು. ಎದ್ದಿದ್ದಕ್ಕೆ ಅಂಕ ಇಲ್ಲ. ಎರಡನ್ನೂ ಬರೀರಿ. ನಿಮ್ಮ ವಿಭಾಗದಲ್ಲಿ ಒಬ್ಬರಾದ್ರೂ ಓದಲಿ."

ಅಧ್ಯಾಪಕ ಪೆನ್ನು ತೆಗೆದು ಫಾರಂನಲ್ಲಿ ಬರೆಯತೊಡಗಿದ. ಕೊನೆಗೆ ಜಾಗ ಸಾಲದೆ ಹಿಂಬದಿಯಲ್ಲಿ ಬರೆದು ಸಹಿ ಹಾಕಿದ. ಸಹಾಯಕ ಸಮಾಲೋಚಕಿ ಹುದ್ದೆಯ ಅರ್ಜಿಗೆ ಮರುದಿನವೇ ಕೊನೆಯ ದಿನ. ಅವಳ ರಜೆಗಳೂ ಮುಗಿದಿದ್ದವು.

ದೊಡ್ಡಕ್ಕ ಬಣ್ಣದ ಸೀರೆಯ ಸೆರಗು ಸಿಕ್ಕಿಸಿ, ಅಳುತ್ತಿದ್ದ ಹೊಸಬಳ ರಟ್ಟೆ ಹಿಡಿದು ಮಂಚದ ಹತ್ತಿರ ಎಳೆದಳು.

"ಅತ್ತಿದ್ದು ಸಾಕು. ಈ ಎಡಗೆನ್ನೆ ನೋಡ್ಕೋ. ಇದು ಖಾಲಿ ಆಗೋತನಕ ಚಮಚ ಎತ್ತೀಯಾ ಜೋಕೆ."